ಧಕಾರದ ಅಡಿಯ ಗೀಟು

ಗೋರೆಗಾಂವಿನ ಆ ಕಾಲನಿಯಲ್ಲಿ ವಿನೋದಿನಿಯನ್ನು ಹೊಟ್ಟೆಕಿಚ್ಚಿನ ಹೆಂಗಸು ಎಂದು ಯಾರೂ ಅಂದದ್ದಿಲ್ಲ. ಅನ್ನುವುದಕ್ಕೆ ಕಾರಣವಾದರೂ ಏನಿತ್ತು? ತನಗಿಂತ ಮೇಲೆ ಒಬ್ಬರೂ ಇಲ್ಲದಿದ್ದಾಗ ಯಾರ ಹೊಟ್ಟೆ ತಾನೇ ಉರಿಯುತ್ತದೆ! ಎಂಬತ್ತೇಳನೇ ಇಸವಿಯ ತನಕ ಸೂಜಿ-ದಾರದ ವಿಷಯದಲ್ಲಿ ಅಲ್ಲಿನ ಮೂರು ಬಿಲ್ಡಿಂಗಿಗೂ ಅವಳೇ ಮಹಾರಾಣಿ. ಗಂಡ ರಮಾನಾಥ ಬೆಳಿಗ್ಗೆ ಎಂಟು ಹನ್ನೆರಡರ ಲೋಕಲ್ ಹಿಡಿದು ಫೋರ್ಟಿನ ಬ್ಯಾಂಕಿಗೆ ಹೋಗುವವನು. ಬುಧವಾರ ಬುಧವಾರ ಮಧ್ಯಾಹ್ನ ಏಳೆಂಟು ಹೆಂಗಸರು ಕಸೂತಿಯ ರಿಂಗು, ಬಟ್ಟೆ, ದಾರದ ಲಡಿ ಹಿಡಿದು ಅವಳ ಹಾಲಿಗೆ ಬಂದು ಚಾಪೆಯ ಮೇಲೆ ಕುಳಿತುಕೊಳ್ಳುತ್ತಿದ್ದರು. ನಡುವೆ ಕುರ್ಚಿ ಹಾಕಿಕೊಂಡು ಇವಳು, “ಅದೇನ್ರೀ ಎಲೆ, ಕತ್ತೆ ಕಿವಿ ಇದ್ದ ಹಾಗಿದೆ. ಬಿಚ್ಚಿ, ಬಿಚ್ಚಿ” ಎನ್ನುತ್ತಿದ್ದಳು. ಪಾಪ, ಅವರು ಬಿಚ್ಚುತ್ತಿದ್ದರು. ಹದಿನಾಲ್ಕು ತಿಂಗಳು ಕುಳಿತು ಕಸೂತಿ ಹಾಕಿದ ಅವಳದೊಂದು ಮೇಜುಹಾಸು ಇತ್ತು. ಗಣೇಶೋತ್ಸವದ ಪ್ರದರ್ಶನದಲ್ಲಿ ಮೂರು ವರ್ಷ ಅದಕ್ಕೇ ಮೊದಲ ಬಹುಮಾನ. ಅದೇ ಮೇಜುಹಾಸಿಗೆ ಮೂರು ವರ್ಷ ಹೇಗೆ ಕೊಟ್ಟರು ಅಂತ ಕೇಳುವ ಎದೆ ಯಾರಿಗಿತ್ತು!

ಇನ್ನೊಂದು ಗರ್ವವೂ ಇತ್ತು, ಅಕ್ಷರದ್ದು. ಅವಳ ತಂದೆ ಮೈಸೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಪಂಡಿತರು. ಮಹಾಪ್ರಾಣ ಬಿಟ್ಟು ಬರೆದ ಹುಡುಗರ ಗೆಣ್ಣಿಗೆ ಅಡಿಪಟ್ಟಿಯಲ್ಲಿ ಬಾರಿಸುತ್ತಿದ್ದ ಪೈಕಿ. ಮಗಳೆಂದು ಇವಳನ್ನೂ ಬಿಟ್ಟಿರಲಿಲ್ಲ. ಹಾಗಾಗಿ ಕನ್ನಡ ಸಂಘದ ನೋಟಿಸಿನಿಂದ ಹಿಡಿದು ಅರಿಸಿನ ಕುಂಕುಮದ ಕರೆಯೋಲೆಯ ತನಕ ಎಲ್ಲವೂ ವಿನೋದಿನಿಯ ಕೈಬರಹದಲ್ಲೇ. ಸುತ್ತಲಿದ್ದ ಕನ್ನಡದ ಹೆಂಗಸರಲ್ಲಿ ಅರ್ಧ ಜನ ಮುಂಬಯಿಯಲ್ಲೇ ಹುಟ್ಟಿ ಇಂಗ್ಲಿಷ್ ಶಾಲೆಯಲ್ಲಿ ಓದಿದವರು, ಕನ್ನಡದ ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದುವವರು. ಅವರ ನಡುವೆ ಪಂಡಿತರ ಮಗಳಿಗೆ ಒಂದೆರಡು ಕೊಂಬು ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಂಥ ರಾಜ್ಯಕ್ಕೆ ಬಂದವಳು ಅಮೀರುನ್ನೀಸಾ. ಕಾಲನಿಯ ಹಿಂದಿನ ಚಾಳಿನಲ್ಲಿ ಒಂದು ಖೋಲಿ. ಊರು ಗದಗದ ಕಡೆ. ಗಂಡ ಹಾಶಿಮ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ತರ. ಕಾರ್ಖಾನೆಗೆ ಹೊಸ ಮಶೀನುಗಳು ಬಂದಾಗ ಹಳೆಯ ಎಂಬ್ರಾಯ್ಡರಿ ಮಶೀನೊಂದನ್ನು ಮಾಲೀಕರು ಅವನಿಗೆ ಕೊಟ್ಟುಬಿಟ್ಟರು. ಹಾಶಿಮ ಅದನ್ನು ಕೈಗಾಡಿಯ ಮೇಲೆ ಹೇರಿಕೊಂಡು ಬಂದು ಖೋಲಿಯ ಕಿಟಕಿಯ ಪಕ್ಕ ಇಟ್ಟ. ಮನೆಯಲ್ಲಿ ದಕ್ಖನಿ, ಬಾಗಿಲಾಚೆ ಕನ್ನಡ, ಅಂಗಡಿಯಲ್ಲಿ ಹಿಂದಿ, ತರಕಾರಿಯವಳ ಹತ್ತಿರ ಮರಾಠಿ, ಅಮೀರುನ್ನೀಸಾಗೆ ನಾಲಿಗೆ ನಾಲ್ಕು. ಓದಿದ್ದು ಮಾತ್ರ ಉರ್ದು ಶಾಲೆಯಲ್ಲಿ ಮೂರನೇ ಇಯತ್ತೆ. ಕನ್ನಡದ ಅಕ್ಷರ ಒಂದೂ ಬಾರದು.

ಅವಳು ಮೊದಲು ಹುಡುಕಿಕೊಂಡು ಬಂದದ್ದೇ ವಿನೋದಿನಿಯನ್ನು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗು ತಲೆಯ ಮೇಲೆಳೆದುಕೊಂಡು, “ಅಕ್ಕಾರ, ಇದರಾಗ ತಪ್ಪು ಏನದ ಹೇಳ್ರಿ” ಎಂದು ಕೈ ಮುಂದೆ ಮಾಡಿದಳು. ಅಂಗೈಯಲ್ಲಿ ಚೌಕದ ಒಂದು ಬಟ್ಟೆ ತುಂಡು. ಕಾರ್ಖಾನೆಯ ಕಟ್‌ಪೀಸಿನಲ್ಲಿ ಮೇಲೊಂದು ಪದರ ಕೆಳಗೊಂದು ಪದರ, ನಡುವೆ ಹಳೆಯ ಕಂಬಳಿಯ ಚೂರು, ಅಂಚಿಗೆ ಒತ್ತೊತ್ತಾಗಿ ಮಶೀನಿನ ಹೊಲಿಗೆ, ಮಧ್ಯೆ ಒಂದು ಕೆಂಪು ದಾಸವಾಳ.

“ಏನೇ ಇದು? ಗೊಂಬೆಗೆ ಹಾಸಿಗೆಯಾ?” ಎಂದಳು ವಿನೋದಿನಿ.

“ಕೋಸ್ಟರ್ ಅಂತಾರ‍್ರಿ. ಗ್ಲಾಸಿನ ಕೆಳಗ ಇಡೂದು. ಫಾರಿನ್ನಿಗೆ ಹೋಗ್ತಾವಂತ.”

“ಲೋಟಕ್ಕೂ ಚಾಪೆಯೇ! ಚೆನ್ನಾಗಿದೆ ಕಣಮ್ಮ ಈ ಕಾಲ” ಎಂದು ವಿನೋದಿನಿ ನಕ್ಕಳು. ನಗುತ್ತಲೇ ದಾಸವಾಳದ ಮೇಲೆ ಹೆಬ್ಬೆರಳಾಡಿಸಿದಳು. ಎಸಳು ನುಣ್ಣಗಿತ್ತು, ಒಂದು ಎಳೆ ಮೇಲೇಳದೆ, ಒಂದು ಎಳೆ ಕೆಳಗಿಳಿಯದೆ. ಅವಳು ಕೈಯಲ್ಲಿ ಹಾಕಿದ್ದರೆ ಎರಡು ದಿನದ ಕೆಲಸ.

“ಇದಕ್ಕೆ ಎಷ್ಟು ಹೊತ್ತಾಯ್ತು?”

“ಹಾಲು ಕಾಯಾಕ ಇಟ್ಟು ಕುಂತಿದ್ದೆರಿ. ಉಕ್ಕೂದ್ರಾಗ ಮುಗೀತು.”

ಆಗ ಬಿತ್ತು ನೋಡಿ, ವಿನೋದಿನಿಯ ಹೊಟ್ಟೆಯೊಳಗೆ ಮೊದಲ ಕಿಡಿ. ಬಾಯಿ ಮಾತ್ರ, “ಪರವಾಗಿಲ್ಲ. ಆದರೂ ಮಶೀನಿಂದು ಮಶೀನಿಂದೇ, ಕೈಯಿಂದು ಕೈಯಿಂದೇ” ಅಂದಿತು. ಅಮೀರುನ್ನೀಸಾ ಅದನ್ನು ಆಶೀರ್ವಾದವೆಂದೇ ತಿಳಿದು, “ಹೌದ್ರಿ ಅಕ್ಕಾರ, ನಿಮ್ಮ ಕೈ ಎಲ್ಲಿ, ನನ್ನ ಮಶೀನ ಎಲ್ಲಿ” ಎಂದು ಕಾಫಿ ಕುಡಿದು ಹೋದಳು. ಹೋಗುವಾಗ ಆ ತುಂಡನ್ನು ಅಲ್ಲೇ ಬಿಟ್ಟು ಹೋದಳು. ಮರುವಾರ ಅದಕ್ಕೆ ಜೊತೆಯಾಗಿ ಇನ್ನೂ ಐದು ತಂದುಕೊಟ್ಟಳು.

ವಿನೋದಿನಿ ಆರನ್ನೂ ಟ್ರಂಕಿನ ತಳಕ್ಕೆ ತಳ್ಳಿದಳು. ಆದರೆ ರಮಾನಾಥ ಯಾವುದೋ ರಸೀದಿ ಹುಡುಕುತ್ತ ಅವನ್ನು ಎಳೆದು ತೆಗೆದ. ಅವರ ಮನೆಗೆ ಆ ವರ್ಷವೇ ಸನ್ಮೈಕಾ ಹಾಕಿದ ಟೀಪಾಯಿ ಬಂದಿತ್ತು, ಕಲರ್ ಟೀವಿಯ ಜೊತೆಯಲ್ಲೇ. ಲೋಟದ ಬಿಸಿಗೆ ಅದರ ಮೇಲೆ ಬಿಳಿ ಬಳೆಗಳು ಮೂಡಿದ್ದವು.

“ಎಷ್ಟು ಚೆನ್ನಾಗಿದೆಯಲ್ಲೇ! ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ದೆ?” ಎಂದು ಕಾಫಿ ಲೋಟವನ್ನು ದಾಸವಾಳದ ಮೇಲೆ ಇಟ್ಟೇಬಿಟ್ಟ.

“ನಾನು ಹದಿನಾಲ್ಕು ತಿಂಗಳು ಹಾಕಿದ್ದಕ್ಕೆ ಒಂದು ದಿನ ಹೀಗಂದಿದ್ದೀರಾ?”

“ಅದರ ಮೇಲೆ ಏನನ್ನಾದರೂ ಇಡಕ್ಕೆ ನೀನು ಬಿಟ್ಟಿದ್ದರೆ ತಾನೇ ಅನ್ನೋದು. ಅದು ದೇವರ ಪಟ, ನೋಡಿ ಕೈ ಮುಗಿಯಬೇಕು. ಇದು ಕೆಲಸಕ್ಕೆ ಬರುತ್ತೆ.”

ಗಂಡಸರಿಗೆ ಎಲ್ಲಿ ಏನು ಆಡಬೇಕು ಅನ್ನುವುದನ್ನು ದೇವರು ಯಾವತ್ತೂ ಕಲಿಸುವುದಿಲ್ಲ. ವಿನೋದಿನಿ ಆ ದಿನ ಸಾರಿಗೆ ಉಪ್ಪನ್ನೇ ಹಾಕಲಿಲ್ಲ. ಮರೆತೆ ಎಂದಳು.

ಮರುದಿನ ಬಾಗಿಲು ಹಾಕಿಕೊಂಡು ತಾನೂ ಒಂದು ಕೋಸ್ಟರು ಮಾಡಲು ಕುಳಿತಳು. ಇಷ್ಟಗಲದ ಬಟ್ಟೆ, ಇದೇನು ಮಹಾ! ನಾಲ್ಕು ದಿನ ಹಿಡಿಯಿತು. ಹೂವು ನಿಜಕ್ಕೂ ಚೆಂದವೇ ಬಂತು. ಆದರೆ ಕಂಬಳಿ ಸೇರಿಸಿ ಮೂರು ಪದರಕ್ಕೆ ಕೈಯಲ್ಲಿ ಅಂಚು ಹೊಲಿಯುವಾಗ ಮೂಲೆ ಮುದುಡಿಕೊಂಡಿತು. ಲೋಟ ಇಟ್ಟರೆ ವಾಲುತ್ತಿತ್ತು. ಅದನ್ನು ಯಾರಿಗೂ ತೋರಿಸದೆ ಒಲೆ ಒರೆಸುವ ಬಟ್ಟೆಗಳ ಜೊತೆ ಸೇರಿಸಿದಳು.

ಅತ್ತ ಅಮೀರುನ್ನೀಸಾಳ ಕೋಸ್ಟರು ಮನೆ ಮನೆ ಹೊಕ್ಕಿತು. ಯಾರ ಮನೆಗೆ ಹೋದರೂ ಟೀಪಾಯಿ, ಟೀಪಾಯಿಯ ಮೇಲೆ ಅವಳ ಮಾವಿನಕಾಯಿ, ಅವಳ ನವಿಲು. ಬುಧವಾರದ ಹೆಂಗಸರು ಏಳು ಇದ್ದವರು ಐದಾದರು, ಐದು ಮೂರಾದರು. “ಮಗೂಗೆ ಪರೀಕ್ಷೆ ಕಣ್ರೀ” ಎಂದವಳನ್ನು ವಿನೋದಿನಿ ತಾನೇ ಕಣ್ಣಾರೆ ಚಾಳಿನ ಖೋಲಿಯಲ್ಲಿ ಕಂಡಳು. ಆಕೆ ಮಶೀನಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ರಿಂಗು ಸೂಜಿಯಡಿಯಲ್ಲಿ ಗರಗರ ತಿರುಗುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಎಂಬತ್ತೆಂಟರ ಗಣೇಶೋತ್ಸವದ ಪ್ರದರ್ಶನದಲ್ಲಿ ಮೊದಲ ಬಹುಮಾನ ಆರು ಕೋಸ್ಟರುಗಳ ಒಂದು ಸೆಟ್ಟಿಗೆ ಹೋಯಿತು. ಮೇಜುಹಾಸಿಗೆ ಸಮಾಧಾನಕರ ಬಹುಮಾನ, ಒಂದು ಸ್ಟೀಲ್ ಡಬ್ಬಿ.

ಸಮಾಧಾನಕರವಂತೆ! ಆ ಡಬ್ಬಿಯನ್ನು ಕಂಡಾಗಲೆಲ್ಲ ವಿನೋದಿನಿಗೆ ಮೈಯೆಲ್ಲ ಮೆಣಸಿನಪುಡಿ ಎರಚಿದ ಹಾಗಾಗುತ್ತಿತ್ತು. ಅಮೀರುನ್ನೀಸಾ ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಿತ್ತು. ಜಂಬದವಳಾಗಿದ್ದರೆ ಬೈಯಬಹುದಿತ್ತು. ಅವಳೋ, ಬಹುಮಾನ ಬಂದ ಸಂಜೆ ಪೇಢೆಯ ಪೊಟ್ಟಣ ಹಿಡಿದು ಮೊದಲು ಇವಳ ಬಾಗಿಲಿಗೇ ಬಂದು, “ಅಕ್ಕಾರ, ಎಲ್ಲಾ ನಿಮ್ಮ ಕೈಗುಣ” ಅಂದುಬಿಟ್ಟಳು. ಆ ಪೇಢೆಯನ್ನು ನುಂಗುವುದು ವಿನೋದಿನಿಗೆ ಎಷ್ಟು ಕಷ್ಟವಾಯಿತೆಂದು ಅವಳಿಗೇ ಗೊತ್ತು.

ಕೌಸಲ್ಯಾ ಬಂದದ್ದು ಮುಂದಿನ ಮಾಘಮಾಸದಲ್ಲಿ. ಕೌಸಲ್ಯಾ ಕನ್ನಡ ಸಂಘದ ಖಜಾಂಚಿ ಕೇಶವಮೂರ್ತಿಯ ಹೆಂಡತಿ, ಮಾಟುಂಗಾದಲ್ಲಿ ಹುಟ್ಟಿ ಬೆಳೆದವಳು. ದಹಿಸರ್‌ನಲ್ಲಿ ಹೊಸ ಫ್ಲ್ಯಾಟು ತೆಗೆದುಕೊಂಡಿದ್ದರು. ಗೃಹಪ್ರವೇಶದ ಕಾರ್ಡನ್ನು ಕೈಗಿಡುತ್ತ ಅವಳು, “ವಿನೋದಿನಿ, ನೀವು ಒಂದು ಹೆಲ್ಪ್ ಮಾಡ್ಲೇಬೇಕು” ಅಂದಾಗ ವಿನೋದಿನಿಯ ಎದೆ ಅರಳಿತು. ಬಾಗಿಲ ತೋರಣವೋ, ದೇವರ ಮುಂದಿನ ಪರದೆಯೋ, ಏನಾದರೂ ಕಸೂತಿ ಕೇಳುತ್ತಾಳೆ ಅಂದುಕೊಂಡಳು.

“ಬಂದೋರಿಗೆ ಕೋಸ್ಟರ್ ಸೆಟ್ ಕೊಡೋಣ ಅಂತ. ಫಾರ್ಟಿ ಸೆಟ್. ಆ ಅಮೀರುನ್ನೀಸಾ ಹತ್ರ ನನ್ನ ಕರ‍್ಕೊಂಡು ಹೋಗ್ತೀರಾ? ಪ್ರತಿಯೊಂದರ ಮೇಲೂ ಮನೆ ಹೆಸರು ಬೇಕು, ಕನ್ನಡದಲ್ಲೇ. ಅವಳಿಗೆ ಕನ್ನಡ ಬರೆಯೋಕೆ ಬರಲ್ವಂತೆ. ಅಕ್ಷರ ನೀವು ಬರ‍್ದು ಕೊಟ್ಬಿಡಿ.”

ಮನೆಯ ಹೆಸರು ಧನಶ್ರೀ. ಕೇಶವಮೂರ್ತಿಯ ತೀರಿಹೋದ ತಾಯಿ ಧನಲಕ್ಷ್ಮಮ್ಮನ ನೆನಪಿಗೆ ಇಟ್ಟದ್ದು. ಕೌಸಲ್ಯಾಳನ್ನು ಚಾಳಿಗೆ ಕರೆದುಕೊಂಡು ಹೋದದ್ದೂ ವಿನೋದಿನಿಯೇ, ಇಬ್ಬರೂ ಮಾತಾಡಿಕೊಳ್ಳುವಾಗ ಪಕ್ಕದಲ್ಲಿ ದಾರದ ಡಬ್ಬದ ಮೇಲೆ ಕುಳಿತದ್ದೂ ವಿನೋದಿನಿಯೇ. ತನ್ನ ಮದುವೆಗೆ ತಾನೇ ಓಲಗದವಳಾಗಿ ಹೋದ ಹಾಗೆ!

ಮರುದಿನ ಅಮೀರುನ್ನೀಸಾ ಟ್ರೇಸಿಂಗ್ ಕಾಗದ ಹಿಡಿದು ಬಂದಳು. ಖುಷಿಗೆ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. “ಇಷ್ಟು ದೊಡ್ಡ ಆರ್ಡರ್ ಎಂದೂ ಬಂದಿಲ್ಲರಿ ಅಕ್ಕಾರ. ಇದು ಚೊಲೋ ಆತಂದ್ರ ನನ್ನ ಹೆಸರು ದಹಿಸರ್ ಮುಟ್ಟತೈತಿ ನೋಡ್ರಿ.” ವಿನೋದಿನಿ ಮೇಜಿನ ಮುಂದೆ ಕುಳಿತಳು. ಪೆನ್ನು ತೆಗೆದಳು. ತಂದೆ ಕಲಿಸಿದ ಹಾಗೆ ದುಂಡಗೆ ದಕಾರ ಬರೆದಳು. ಇನ್ನು ಅದರ ಅಡಿಯಲ್ಲಿ ಒಂದು ಸಣ್ಣ ಗೀಟು ಎಳೆದರೆ ಧಕಾರ. ಧನ ಅಂದರೆ ಸಂಪತ್ತು. ಆ ಗೀಟು ಇಲ್ಲದಿದ್ದರೆ? ದನ. ಕೊಟ್ಟಿಗೆಯಲ್ಲಿ ಕಟ್ಟುವ ದನ.

ಪೆನ್ನು ಗಾಳಿಯಲ್ಲಿ ನಿಂತಿತು. ಆಮೇಲೆ ಎಳೆದರಾಯಿತು ಅಂದುಕೊಂಡು ನಕಾರ ಬರೆದಳು, ಶ್ರೀಕಾರ ಬರೆದಳು. ದಹಿಸರ್ ಮುಟ್ಟುತ್ತಂತೆ ಹೆಸರು! ಮುಟ್ಟಲಿ, ಚೆನ್ನಾಗಿ ಮುಟ್ಟಲಿ. ಗೀಟು ಎಳೆಯದೆ ಕಾಗದವನ್ನು ಮುಂದೆ ಚಾಚಿದಳು.

“ಮುತ್ತು ಜೋಡಿಸಿದಂಗ ಅದಾವ‍ಲ್ರಿ!” ಎಂದು ಅಮೀರುನ್ನೀಸಾ ಕಾಗದವನ್ನು ಮಡಿಚದೆ, ಮುದುಡದಂತೆ ಎರಡು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದಳು.

ಮುಂದಿನ ಹತ್ತು ದಿನ ವಿನೋದಿನಿಗೆ ಅನ್ನ ರುಚಿಸಲಿಲ್ಲ. ಒಮ್ಮೆ, ಹೋಗಿ ಸರಿಮಾಡಿ ಬರುತ್ತೇನೆ ಎಂದು ನಿಜವಾಗಿಯೂ ಹೊರಟಳು. ಚಾಳಿನ ಬಾಗಿಲ ತನಕ ಹೋದಳು. ಒಳಗೆ ಅವಳ ಬುಧವಾರದ ಹೆಂಗಸರು, ಒಬ್ಬರಲ್ಲ ನಾಲ್ವರು, ಮಶೀನಿನ ಸುತ್ತ ಕುಳಿತು ಮುಗಿದ ಕೋಸ್ಟರುಗಳ ತುಂಡು ದಾರ ಕತ್ತರಿಸುತ್ತಿದ್ದರು. ಹಸಿರು ಮಾವಿನೆಲೆಯ ಬಳ್ಳಿ, ನಡುವೆ ಅರಿಸಿನ ಬಣ್ಣದಲ್ಲಿ ಅಕ್ಷರ. “ಬ್ಯೂಟಿಫುಲ್, ಅಮೀರುನ್ನೀಸಾ, ನಿನ್ನ ಕೈಗೆ ಚಿನ್ನದ ಬಳೆ ಹಾಕಬೇಕು!” ಎಂದು ಯಾರೋ ಅಂದರು. ವಿನೋದಿನಿ ಹೊಸ್ತಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಬಂದುಬಿಟ್ಟಳು. ಹಾಕಲಿ ಬಳೆ, ತಾನೂ ನೋಡುತ್ತೇನೆ ಅಂದುಕೊಂಡಳು.

ಗೃಹಪ್ರವೇಶಕ್ಕೆ ಮೂರು ದಿನ ಇರುವಾಗ ಗಂಟು ಕಟ್ಟಿದ ಕೋಸ್ಟರುಗಳು ದಹಿಸರ್‌ನ ಹೊಸ ಫ್ಲ್ಯಾಟಿಗೆ ಹೋದವು. ಆರಾರು ಜೋಡಿಸಿ ರಿಬ್ಬನ್ ಕಟ್ಟುವುದಕ್ಕೆ ಸಂಘದ ಹೆಂಗಸರು ಸೇರಿದ್ದರು. ವಿನೋದಿನಿಯೂ ಹೋಗಿದ್ದಳು, ಹೋಗದೆ ಇರಲಾಗಲಿಲ್ಲ. ಕೌಸಲ್ಯಾ ಒಂದನ್ನು ಎತ್ತಿ ಎಲ್ಲರಿಗೂ ತೋರಿಸಿ, “ನೈಸ್ ಅಲ್ವಾ? ಅಕ್ಷರ ನಮ್ಮ ವಿನೋದಿನಿದು!” ಎಂದಳು. ಅವಳಿಗೆ ತಪ್ಪು ಕಾಣಲಿಲ್ಲ. ಉಳಿದವರಿಗೂ ಕಾಣಲಿಲ್ಲ. ಅಕ್ಷರ ಕೂಡಿಸಿ ಓದುವವರಿಗೆ ಗೀಟು ಇದ್ದರೇನು, ಬಿಟ್ಟರೇನು! ಅಮೀರುನ್ನೀಸಾ ಮೂಲೆಯಲ್ಲಿ ರಿಬ್ಬನ್ ಕತ್ತರಿಸುತ್ತ ನಾಚಿಕೆಯಿಂದ ನಗುತ್ತಿದ್ದಳು.

ವಿನೋದಿನಿಗೆ ಆಗ ಹೊಳೆಯಿತು. ಅಕ್ಷರ ವಿನೋದಿನಿದು! ಅಮೀರುನ್ನೀಸಾಗೆ ಕನ್ನಡ ಬರೆಯಲು ಬರುವುದಿಲ್ಲವೆಂದು ಊರಿಗೆಲ್ಲ ಗೊತ್ತು. ತಪ್ಪು ಸಿಕ್ಕರೆ ಯಾರ ಕೊರಳಿಗೆ? ಹತ್ತು ದಿನ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡವಳಿಗೆ ಇಷ್ಟು ಚಿಕ್ಕ ಲೆಕ್ಕ ತಲೆಗೆ ಹತ್ತಿರಲಿಲ್ಲ. ಹೊಟ್ಟೆ ಉರಿಯುವಾಗ ಬುದ್ಧಿಗೆ ಹೊಗೆ ತುಂಬಿಕೊಳ್ಳುತ್ತದೆ, ಏನು ಮಾಡುವುದು.

ಅದೇ ಹೊತ್ತಿಗೆ ಒಳಕೋಣೆಯಿಂದ ಸೀತಾರಾಮ ಮಾವ ಬಂದರು. ತೀರಿಹೋದ ಧನಲಕ್ಷ್ಮಮ್ಮನ ತಮ್ಮ, ಎಪ್ಪತ್ತು ದಾಟಿದವರು, ಬೆಳಿಗ್ಗೆ ತಾನೇ ಮೈಸೂರಿನಿಂದ ಬಂದಿಳಿದಿದ್ದರು. ಒಂದು ಕೋಸ್ಟರನ್ನು ಎತ್ತಿ ಕನ್ನಡಕದ ಹತ್ತಿರ ಹಿಡಿದರು.

“ದನಶ್ರೀ” ಎಂದು ಓದಿದರು. ಮತ್ತೊಂದನ್ನು ಎತ್ತಿದರು. “ಇದೂ ದನಶ್ರೀ.”

ಯಾರೋ ಕಿಸಕ್ಕನೆ ನಕ್ಕರು. “ಮನೇಲಿ ಹಸು ಕಟ್ತೀರಾ ಕೌಸಲ್ಯಾ?” ಎಂದು ಇನ್ಯಾರೋ. ಮುದುಕರು ಮಾತ್ರ ನಗಲಿಲ್ಲ. ಕೋಸ್ಟರನ್ನು ಕೌಸಲ್ಯಾಳ ಮುಂದೆ ಹಿಡಿದರು. “ನಮ್ಮಕ್ಕನ ಹೆಸರು ಕಣಮ್ಮಾ ಇದು. ನಮ್ಮನ್ನೆಲ್ಲಾ ಎತ್ತಿ ಸಾಕಿದವಳು. ಅವಳನ್ನ ದನ ಮಾಡಿ ಕೂರಿಸಿದಿರಾ?”

ನಗು ನಿಂತಿತು. ಎಲ್ಲರ ಮುಖ ಒಟ್ಟಿಗೆ ವಿನೋದಿನಿಯ ಕಡೆ ತಿರುಗಿತು. ಪಂಡಿತರ ಮಗಳು! ಗೀಟು ಗೊತ್ತಿರಲಿಲ್ಲ ಎಂದರೆ ಅಪ್ಪನ ಮಾನ ಹೋಗುತ್ತದೆ, ಗೊತ್ತಿದ್ದೂ ಬಿಟ್ಟೆ ಎಂದರೆ ತನ್ನದು ಹೋಗುತ್ತದೆ.

ಮೂಲೆಯಿಂದ ಅಮೀರುನ್ನೀಸಾ ಎದ್ದು ಬಂದಳು. “ತಪ್ಪು ನಂದ್ರಿ ಅಜ್ಜಾರ. ಅಕ್ಕಾರು ಬರೋಬ್ಬರಿ ಬರದಿದ್ರು. ಅಡಿಯಾಗ ಒಂದು ಸಣ್ಣ ಗೆರಿ ಇತ್ತು. ಶಾಯಿ ಸಿಡದದ ಅಂತ ತಿಳದು ನಾನ ಬಿಟ್ಟೆ.”

ಆಮೇಲೆ ಆದದ್ದನ್ನು ಕೇಳಬೇಡಿ. ಕೌಸಲ್ಯಾ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬೈದಳು. ಓದು ಬಾರದವಳಿಗೆ ಕೊಟ್ಟದ್ದೇ ತಪ್ಪು, ಎಲ್ಲ ತೆಗೆದುಕೊಂಡು ಹೋಗು, ಸ್ಟೀಲ್ ಬಟ್ಟಲು ತಂದುಕೊಳ್ಳುತ್ತೇನೆ ಎಂದಳು. ಅಮೀರುನ್ನೀಸಾ ತಲೆ ತಗ್ಗಿಸಿ ನಿಂತು, ಎರಡು ದಿನ ಕೊಡ್ರಿ, ಸರಿ ಮಾಡಿ ತರತೀನಿ ಎಂದು ನಾಲ್ಕು ಸಲ ಹೇಳಿದಳು. ವಿನೋದಿನಿ ಬಗ್ಗಿ, ರಿಬ್ಬನ್ ಬಿಚ್ಚುತ್ತ, ಕೋಸ್ಟರುಗಳನ್ನು ಗಂಟಿಗೆ ಸೇರಿಸತೊಡಗಿದಳು. ಕೊನೆಗೆ ಸೀತಾರಾಮ ಮಾವನೇ, “ಹೋಗಲಿ ಬಿಡಮ್ಮ, ಮಾಡಿ ತರಲಿ” ಅಂದರು.

ವಿನೋದಿನಿಯೂ ಅಮೀರುನ್ನೀಸಾಳೂ ಗಂಟು ಹೊತ್ತುಕೊಂಡು ಮಧ್ಯಾಹ್ನದ ಲೋಕಲ್ ಹತ್ತಿದರು. ಲೇಡೀಸ್ ಡಬ್ಬಿ ಖಾಲಿಯಾಗಿತ್ತು. ಬೋರಿವಲಿ ದಾಟಿದ ಮೇಲೆ ವಿನೋದಿನಿ ಕೇಳಿದಳು. “ಯಾಕೆ ಸುಳ್ಳು ಹೇಳಿದೆ?”

“ಮತ್ತೇನ್ ಹೇಳೂದ್ರಿ? ನನಗ ಅಕ್ಷರ ಬರೂದಿಲ್ಲ ಅನ್ನೂದು ಎಲ್ಲಾರಿಗೂ ಗೊತ್ತದ. ಇನ್ನೊಮ್ಮೆ ಗೊತ್ತಾದ್ರ ಏನ್ ಹೋಗೂದದ? ನಿಮ್ಮಪ್ಪಾರು ಪಂಡಿತರು. ನೀವು ಅಷ್ಟು ಮಂದ್ಯಾಗ ತಲಿ ತಗ್ಗಸೂದು ನಂಗ ನೋಡಾಕ ಆಗೂದಿಲ್ರಿ.” ಅವಳು ಗಂಟನ್ನು ಕಾಲ ಬಳಿಗೆ ಎಳೆದುಕೊಂಡಳು. “ತಪ್ಪು ನಂದೂ ಅದರಿ. ಕೌಸಲ್ಯಾ ಬಾಯಾರು ನಂಗೂ ಒಂದು ಕಾರ್ಡ್ ಕೊಟ್ಟಿದ್ರಲ್ಲ, ಅದರಾಗ ಮನಿ ಹೆಸರಿನಡಿ ಆ ಗೆರಿ ಇತ್ತು. ನಿಮ್ಮ ಕಾಗದದಾಗ ಇರಲಿಲ್ಲ. ಎರಡೂ ಬಾಜೂಕ ಬಾಜೂಕ ಇಟ್ಟು ನೋಡೀನಿ. ನಮ್ಮನಿಯವರು ಅಂದ್ರು, ಹೋಗಿ ಅಕ್ಕಾರಿಗೆ ಕೇಳಿ ಬಾ ಅಂತ. ನಾನ ಬ್ಯಾಡ ಅಂದೆ.”

“ಯಾಕೆ ಬೇಡ ಅಂದೆ?”

“ಪ್ರೆಸ್ಸಿನವರು ತಪ್ಪಿ ಮಾಡಿರತಾರ, ಅಕ್ಕಾರ ಕೈ ತಪ್ಪೂದಿಲ್ಲ ಅಂದೆ. ನಿಮ್ಮ ಮ್ಯಾಲ ಸಂಶಯ ಬಂತು ಅಂತ ನಿಮಗ ಅನಸಬಾರದಲ್ರಿ.”

ವಿನೋದಿನಿ ಕಂಬಿ ಹಿಡಿದುಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಇದನ್ನು ತಡೆದುಕೊಳ್ಳಲಾಗಲಿಲ್ಲ. ಕಾಂದಿವಲಿಯಲ್ಲಿ ಮೀನಿನ ಬುಟ್ಟಿಯವಳೊಬ್ಬಳು ಹತ್ತಿ ಬಾಗಿಲಲ್ಲಿ ಕುಳಿತಳು. ಗಾಡಿ ಹೊರಟಿತು.

“ನನ್ನ ಕೈ ತಪ್ಪಲಿಲ್ಲ ಅಮೀರುನ್ನೀಸಾ. ನಾನು ಮರೆತದ್ದೂ ಅಲ್ಲ. ಬೇಕು ಅಂತಲೇ ಬಿಟ್ಟೆ.”

ಅಮೀರುನ್ನೀಸಾಗೆ ಅರ್ಥವಾಗಲಿಲ್ಲ. “ಬೇಕಂತ ಯಾಕ್ ಬಿಡತೀರಿ?”

“ಹೊಟ್ಟೆಕಿಚ್ಚಿಗೆ.”

“ಯಾರ ಮ್ಯಾಲ?”

“ನಿನ್ನ ಮೇಲೆ ಕಣೇ! ಇನ್ಯಾರ ಮೇಲೆ?” ವಿನೋದಿನಿಯ ದನಿ ಒಡೆಯಿತು. “ನನ್ನ ಹಾಲಿನಲ್ಲಿ ಕೂರುತ್ತಿದ್ದವರು ನಿನ್ನ ಖೋಲಿಗೆ ಬಂದರು. ನನ್ನ ಬಹುಮಾನ ನಿನಗೆ ಬಂತು. ನಾನು ನಾಲ್ಕು ದಿನ ಮಾಡೋದನ್ನ ನೀನು ಹಾಲುಕ್ಕೋದರೊಳಗೆ ಮಾಡ್ತೀಯ. ನೀನು ಎಲ್ಲರೆದುರು ಬೀಳಬೇಕು ಅಂತ ಅನ್ನಿಸಿಬಿಡ್ತು.”

ಅಮೀರುನ್ನೀಸಾ ಅವಳ ಮುಖವನ್ನೇ ನೋಡಿದಳು, ತಮಾಷೆ ಇರಬಹುದೇ ಎಂದು ಹುಡುಕುವವಳ ಹಾಗೆ. “ನನ್ನ ಮ್ಯಾಲ?” ಎಂದು ಇನ್ನೊಮ್ಮೆ ಮೆಲ್ಲಗೆ ಅಂದಳು. ಮಲಾಡ್ ಬಂತು, ಹೋಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಗಂಟು ಎತ್ತಿದಳು. “ಗೋರೆಗಾಂವ್ ಬಂತ್ರಿ. ಇಳೀರಿ.”

ಮಶೀನಿನಲ್ಲಿ ಆ ಗೀಟನ್ನು ಹಾಕುವಂತಿರಲಿಲ್ಲ. ಅಂಚು ಹೊಲಿದು ಮುಗಿದ ಮೇಲೆ ಮಶೀನಿನ ಸೂಜಿ ಮೂರು ಪದರವನ್ನೂ ದಾಟುವುದರಿಂದ ಹಿಂದೆ ಗಂಟು ಕಾಣುತ್ತದೆ. ಮೇಲಿನ ಬಟ್ಟೆಯನ್ನಷ್ಟೇ ಕಚ್ಚಿ, ದಾರವನ್ನು ಒಳಗೇ ಅಡಗಿಸಿ ಹೊರಬರುವುದು ಕೈಸೂಜಿ ಮಾತ್ರ. ಇನ್ನೂರ ನಲವತ್ತು ಗೀಟು. ವಿನೋದಿನಿ ಎರಡು ಹಗಲು ಚಾಳಿನ ಖೋಲಿಯಲ್ಲಿ ಕುಳಿತು ಹಾಕಿದಳು. ಅಮೀರುನ್ನೀಸಾ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು, ಚಹಾ ಮಾಡಿ ಕೊಡುತ್ತಿದ್ದಳು. “ಸಕ್ಕರಿ ಬರೋಬ್ಬರಿ ಅದ ಏನ್ರಿ?” ಬಿಟ್ಟರೆ ಬೇರೆ ಮಾತಿಲ್ಲ. ನೋಡಲು ಬಂದ ಹೆಂಗಸರು, “ವಿನೋದಿನಿ ಎಷ್ಟು ಒಳ್ಳೆಯವರು ನೋಡ್ರೀ, ಅವಳು ಮಾಡಿದ ತಪ್ಪಿಗೆ ಇವರು ಕೂತಿದಾರೆ” ಎಂದು ಹೊಗಳಿ ಹೋದರು. ವಿನೋದಿನಿ ತಲೆಯೆತ್ತಲಿಲ್ಲ. ಅಮೀರುನ್ನೀಸಾಳೂ ಅದನ್ನು ತಿದ್ದಲಿಲ್ಲ, ಇನ್ನೊಂದು ಸೂಜಿಗೆ ದಾರ ಪೋಣಿಸಿದಳು.

ಗೃಹಪ್ರವೇಶ ಚೆನ್ನಾಗಿಯೇ ಆಯಿತು. ಸೀತಾರಾಮ ಮಾವ ಅಕ್ಷರದ ಮೇಲೆ ಬೆರಳಾಡಿಸಿ, “ಈಗ ನಮ್ಮಕ್ಕ” ಎಂದು ಎರಡು ಸೆಟ್ಟು ಹೆಚ್ಚಿಗೆ ಕೇಳಿ ಪಡೆದರಂತೆ. ಅಮೀರುನ್ನೀಸಾಳ ಹೆಸರು ದಹಿಸರ್ ಮುಟ್ಟಿತು.

ಒಂದೂವರೆ ತಿಂಗಳು ಅವಳು ಬಿಲ್ಡಿಂಗಿನ ಮೆಟ್ಟಿಲು ಹತ್ತಲಿಲ್ಲ. ಇನ್ನು ಬರುವುದಿಲ್ಲ ಎಂದು ವಿನೋದಿನಿ ಅಂದುಕೊಂಡಿದ್ದಾಗ ಒಂದು ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು. “ಅಕ್ಕಾರ, ಇನ್ನೊಂದು ಆರ್ಡರ್ ಬಂದದ. ಲಗ್ನದ್ದು. ‘ಶುಭವಿವಾಹ’ ಅಂತ ಬರದ ಕೊಡ್ರಿ.” ಅದೇ ನಗು, ಅದೇ ಟ್ರೇಸಿಂಗ್ ಕಾಗದ. ವಿನೋದಿನಿಗೆ ಕಣ್ಣು ತುಂಬಿ ಬಂತು. ಕ್ಷಮಿಸಿದಳು ಅಂದುಕೊಂಡಳು. ಕಾಫಿಗೆ ಗಟ್ಟಿ ಹಾಲು ಹಾಕಿದಳು. ತಪ್ಪಿಲ್ಲದಂತೆ, ಭಕಾರದ ಗೀಟನ್ನು ಎರಡು ಸಲ ತಿದ್ದಿ ಬರೆದುಕೊಟ್ಟಳು. ಅಮೀರುನ್ನೀಸಾ ಕಾಫಿ ಕುಡಿದು, ಲೋಟ ತೊಳೆದಿಟ್ಟು, “ಬರತೀನ್ರಿ” ಎಂದು ಇಳಿದು ಹೋದಳು.

ವಿನೋದಿನಿ ಹಗುರಾದ ಮನಸ್ಸಿನಿಂದ ಬಟ್ಟೆ ಒಣಹಾಕಲು ಬಾಲ್ಕನಿಗೆ ಬಂದಳು. ಕೆಳಗೆ ಗೇಟಿನ ಹತ್ತಿರ ಅಮೀರುನ್ನೀಸಾ ನಿಂತಿದ್ದಳು. ಅಲ್ಲಿ ಸ್ಟೂಲಿನ ಮೇಲೆ ವಾಚ್‌ಮನ್ ಕಾಂತಪ್ಪ ಕುಳಿತಿದ್ದ. ಅಥಣಿ ಕಡೆಯವನು, ನಾಲ್ಕನೇ ಇಯತ್ತೆ ಓದಿದವನು, ಹಳೆಯ ಕನ್ನಡ ಪೇಪರನ್ನು ಸಾಲಿನಡಿ ಬೆರಳಿಟ್ಟು ಗಟ್ಟಿಯಾಗಿ ಓದುವವನು. ಅಮೀರುನ್ನೀಸಾ ಕಾಗದವನ್ನು ಅವನ ಮುಂದೆ ಹಿಡಿದಳು. ಅವನು ಬೀಡಿ ಪಕ್ಕಕ್ಕಿಟ್ಟು, ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದಿದ. ಒಂದು ಕಡೆ ನಿಂತ, ಮತ್ತೆ ಮೊದಲಿನಿಂದ ಓದಿದ. ಆಮೇಲೆ ಸರಿ ಇದೆ ಎಂದು ತಲೆಯಾಡಿಸಿದ. ಆಗಲೇ ಅವಳು ಕಾಗದವನ್ನು ಚೀಲಕ್ಕೆ ಹಾಕಿಕೊಂಡದ್ದು.

ಮೈಸೂರಿನ ಪಂಡಿತರ ಮಗಳು ಬರೆದದ್ದಕ್ಕೆ ಕಾಂತಪ್ಪನ ಒಪ್ಪಿಗೆ! ಕೂಗಿ ಕೇಳೋಣವೆಂದರೆ ಯಾವ ಬಾಯಲ್ಲಿ ಕೇಳುವುದು? ವಿನೋದಿನಿ ಒದ್ದೆ ಸೀರೆಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಅಮೀರುನ್ನೀಸಾಳ ಮಶೀನು, ಬಹುಮಾನ, ಬುಧವಾರದ ಹೆಂಗಸರು, ಯಾವುದೂ ಅವಳಿಗೆ ಆಗ ಬೇಕಿರಲಿಲ್ಲ. ಆವತ್ತು ಅವಳ ಹೊಟ್ಟೆ ಉರಿದದ್ದು ಕಾಂತಪ್ಪನನ್ನು ನೋಡಿ.